ಸಣ್ಣ ಟರ್ಬೊ ಎಂಜಿನ್: ಶಕ್ತಿಯೂ ಮೈಲೇಜೂ ಒಂದೇ ಗಳಿಗೆಯಲ್ಲಿ ಏಕೆ ಸಿಗುವುದಿಲ್ಲ

ಮಾರುತಿ ಸುಜುಕಿ ಕಂಪನಿಯು 2023ರಲ್ಲಿ ಫ್ರಾಂಕ್ಸ್ ಕಾರನ್ನು ಮಾರುಕಟ್ಟೆಗೆ ತಂದಾಗ ಅದೇ ಒಂದು ಕಾರಿಗೆ ಎರಡು ಪೆಟ್ರೋಲ್ ಎಂಜಿನ್‌ಗಳ ಆಯ್ಕೆ ಕೊಟ್ಟಿತು. ಮೊದಲನೆಯದು ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನ) ಇಲ್ಲದ, 1.2 ಲೀಟರ್ ಗಾತ್ರದ, ನಾಲ್ಕು ಸಿಲಿಂಡರಿನ ಎಂಜಿನ್. ಅದರ ಶಕ್ತಿ ಸುಮಾರು 90 ಪಿಎಸ್ (ಅಶ್ವಶಕ್ತಿಯ ಮಾನ), ಟಾರ್ಕ್ ಅಂದರೆ ತಿರುಗಿಸುವ ಬಲ 113 ನ್ಯೂಟನ್ ಮೀಟರ್. ಎರಡನೆಯದು ಮೂರೇ ಸಿಲಿಂಡರಿನ, 1 ಲೀಟರಿನ ಟರ್ಬೊ ಎಂಜಿನ್; ಅದರ ಶಕ್ತಿ 100 ಪಿಎಸ್, ಟಾರ್ಕ್ 147.6 ನ್ಯೂಟನ್ ಮೀಟರ್. ಮ್ಯಾನ್ಯುವಲ್ ಗೇರ್‌ಬಾಕ್ಸ್ ಇರುವ ಮಾದರಿಗಳಲ್ಲಿ ಕಂಪನಿ ಘೋಷಿಸಿದ ಮೈಲೇಜ್ ಮೊದಲನೆಯದಕ್ಕೆ ಲೀಟರಿಗೆ 21.79 ಕಿಲೋಮೀಟರ್, ಎರಡನೆಯದಕ್ಕೆ 21.5 ಕಿಲೋಮೀಟರ್. ಟಾರ್ಕ್ ಶೇಕಡಾ 30ರಷ್ಟು ಹೆಚ್ಚಿದರೂ ಮೈಲೇಜ್ ಹೆಚ್ಚುಕಡಿಮೆ ಅಷ್ಟೇ ಉಳಿದಿದೆ. ಆದರೆ ಟರ್ಬೊ ಕಾರು ಓಡಿಸುವವರನ್ನು ಕೇಳಿದರೆ ಒಬ್ಬರು ಹೇಳುವ ಅಂಕಿಗೂ ಇನ್ನೊಬ್ಬರು ಹೇಳುವ ಅಂಕಿಗೂ ತಾಳೆಯೇ ಆಗುವುದಿಲ್ಲ. ಒಬ್ಬರಿಗೆ ಹೆದ್ದಾರಿಯಲ್ಲಿ ಘೋಷಿತ ಅಂಕಿಯ ಹತ್ತಿರಕ್ಕೆ ಬರುವ ಕಾರು ಇನ್ನೊಬ್ಬರಿಗೆ ನಗರದಲ್ಲಿ ಅದರ ಅರ್ಧದಷ್ಟನ್ನು ಕೊಡುತ್ತದೆ. ಇದರಲ್ಲಿ ಯಾರೂ ಸುಳ್ಳು ಹೇಳುತ್ತಿರಬೇಕಾಗಿಲ್ಲ. ಈ ಎಂಜಿನ್ ಕೆಲಸ ಮಾಡುವ ರೀತಿಯೇ ಹಾಗಿದೆ, ಮತ್ತು ಅದನ್ನು ತಿಳಿದುಕೊಂಡವರಿಗೆ ಕಾರು ಕೊಳ್ಳುವಾಗಲೂ ಓಡಿಸುವಾಗಲೂ ನಿಜವಾದ ಪ್ರಯೋಜನವಿದೆ.

ಪೆಟ್ರೋಲ್ ಎಂಜಿನ್ನಿನ ಶಕ್ತಿಯನ್ನು ಮಿತಿಗೊಳಿಸುವುದು ಪೆಟ್ರೋಲ್ ಅಲ್ಲ, ಗಾಳಿ. ಒಂದು ಕಿಲೋ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಇಂಧನವನ್ನು ಎಷ್ಟು ಬೇಕಾದರೂ ಚಿಮ್ಮಿಸಬಹುದು, ಆದರೆ ಅದನ್ನು ಉರಿಸಲು ಬೇಕಾದ ಗಾಳಿಯನ್ನು ಸಿಲಿಂಡರಿನೊಳಗೆ ತರುವುದೇ ಕಷ್ಟದ ಕೆಲಸ. ಹಳೆಯ ದಾರಿ ಎಂದರೆ ಸಿಲಿಂಡರಿನ ಗಾತ್ರವನ್ನೇ ಹೆಚ್ಚಿಸುವುದು. ಟರ್ಬೊಚಾರ್ಜರ್ ತೋರಿಸಿದ ದಾರಿ ಬೇರೆ: ಸೈಲೆನ್ಸರಿನ ಮೂಲಕ ವ್ಯರ್ಥವಾಗಿ ಹೊರಹೋಗುವ ಬಿಸಿ ಹೊಗೆಯಿಂದ ಒಂದು ಪುಟ್ಟ ಟರ್ಬೈನ್ ತಿರುಗಿಸಿ, ಅದೇ ದಂಡಕ್ಕೆ ಜೋಡಿಸಿದ ಕಂಪ್ರೆಸರ್ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವುದು. ಈ ಚಕ್ರಗಳು ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಆಸುಪಾಸು ತಿರುಗಬಲ್ಲವು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಈ ಕಲ್ಪನೆಗೆ ಪೇಟೆಂಟ್ ಪಡೆದದ್ದು 1905ರಲ್ಲಿ. ಅಂದರೆ ಟರ್ಬೊ ಹೊಸದೇನಲ್ಲ. ಅದನ್ನು ಪೆಟ್ರೋಲ್ ಉಳಿಸುವ ಸಾಧನವಾಗಿ ಬಳಸಬಹುದೆಂಬ ನಂಬಿಕೆ ಮಾತ್ರ ತೀರ ಈಚಿನದು.

ಆ ನಂಬಿಕೆಗೆ ಆಧಾರವೇನೆಂದು ನೋಡಬೇಕಾದರೆ ಕಾರಿಗೆ ನಿಜವಾಗಿ ಎಷ್ಟು ಶಕ್ತಿ ಬೇಕೆಂದು ಲೆಕ್ಕ ಹಾಕಬೇಕು. ಸುಮಾರು 1,150 ಕಿಲೋ ತೂಕದ ಸಾಮಾನ್ಯ ಕಾರೊಂದು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಸಾಗಲು ಗಾಳಿಯ ತಡೆ ಮತ್ತು ಟೈರುಗಳ ಎಳೆತ ಎರಡೂ ಸೇರಿ ಕೇಳುವುದು ಕೇವಲ 13 ಪಿಎಸ್‌ನಷ್ಟು. ವೇಗವನ್ನು 120ಕ್ಕೆ ಏರಿಸಿದರೆ ಗಾಳಿಯ ತಡೆಗೆ ಬೇಕಾದ ಶಕ್ತಿಯು ವೇಗದ ಘನದಂತೆ ಬೆಳೆಯುವುದರಿಂದ ಬೇಡಿಕೆ ಇಮ್ಮಡಿಯಾಗಿ 27 ಪಿಎಸ್ ಮುಟ್ಟುತ್ತದೆ. ಲಾರಿಯೊಂದನ್ನು ಹಿಂದಿಕ್ಕಲು ಆರು ಸೆಕೆಂಡಿನಲ್ಲಿ 60ರಿಂದ 90ಕ್ಕೆ ಹೋಗಬೇಕೆಂದರೆ ಸುಮಾರು 55 ಪಿಎಸ್ ಬೇಕು. ಹೀಗಾಗಿ 90 ಅಥವಾ 100 ಪಿಎಸ್‌ನ ಎಂಜಿನ್ ತನ್ನ ಆಯುಷ್ಯದ ಬಹುಭಾಗವನ್ನು ಸಾಮರ್ಥ್ಯದ ಆರನೇ ಒಂದು ಭಾಗದಲ್ಲೋ ಏಳನೇ ಒಂದು ಭಾಗದಲ್ಲೋ ಕಳೆಯುತ್ತದೆ.

ಪೆಟ್ರೋಲ್ ಎಂಜಿನ್ನಿಗೆ ಇಂಥ ಅರೆಕೆಲಸ ಒಗ್ಗುವುದಿಲ್ಲ. ಕಡಿಮೆ ಶಕ್ತಿ ಸಾಕೆಂದಾಗ ಅದು ಥ್ರಾಟಲ್ ಕವಾಟವನ್ನು ಮುಚ್ಚಿ ಗಾಳಿಯನ್ನು ತಡೆಯುತ್ತದೆ. ಆಗ ಪಿಸ್ಟನ್ನುಗಳು ಅರ್ಧ ಮುಚ್ಚಿದ ಬಾಯಿಯಿಂದ ಗಾಳಿ ಎಳೆದುಕೊಳ್ಳಲು ಹೆಣಗಬೇಕಾಗುತ್ತದೆ. ಈ ಎಳೆದಾಟಕ್ಕೂ ಬೇರಿಂಗ್, ಪಿಸ್ಟನ್ ರಿಂಗುಗಳ ಘರ್ಷಣೆಗೂ ವ್ಯಯವಾಗುವ ಶಕ್ತಿ ಚಕ್ರಕ್ಕೆ ತಲುಪುವ ಶಕ್ತಿಗೆ ಹೋಲಿಸಿದರೆ ದೊಡ್ಡದೇ ಆಗಿಬಿಡುತ್ತದೆ. ಒಳ್ಳೆಯ ಪೆಟ್ರೋಲ್ ಎಂಜಿನ್ ತನಗೆ ಹೊಂದುವ ಭಾರದಲ್ಲಿ ಓಡುವಾಗ ಒಂದು ಕಿಲೋವ್ಯಾಟ್ ಗಂಟೆಯಷ್ಟು ಕೆಲಸಕ್ಕೆ ಸುಮಾರು 240 ಗ್ರಾಂ ಪೆಟ್ರೋಲ್ ಬಳಸುತ್ತದೆ. ಅಂದರೆ ಇಂಧನದ ಶಾಖದಲ್ಲಿ ಶೇಕಡಾ 35ರಷ್ಟು ಕೆಲಸವಾಗಿ ಬದಲಾಗುತ್ತದೆ. ಅದೇ ಎಂಜಿನ್ ತೀರ ಹಗುರವಾದ ಭಾರದಲ್ಲಿ ಅಷ್ಟೇ ಕೆಲಸಕ್ಕೆ 400 ಗ್ರಾಂಗೂ ಹೆಚ್ಚು ಕುಡಿಯಬಹುದು. ಎಂಜಿನ್ನಿನ ಗಾತ್ರವನ್ನು ಕುಗ್ಗಿಸಿದರೆ, ಅದೇ 13 ಪಿಎಸ್ ಕೊಡಲು ಅದರ ಪ್ರತಿ ಸಿಲಿಂಡರ್ ಹೆಚ್ಚು ದುಡಿಯಬೇಕು, ಥ್ರಾಟಲ್ ಹೆಚ್ಚು ತೆರೆದಿರಬೇಕು, ಉಜ್ಜುವ ಭಾಗಗಳೂ ಕಡಿಮೆ. ಮೂರು ಸಿಲಿಂಡರಿನ ಸಣ್ಣ ಎಂಜಿನ್ ಪೆಟ್ರೋಲ್ ಉಳಿಸುವುದು ಇಲ್ಲಿಯೇ. ಈ ಉಳಿತಾಯ ಬರುವುದು ಸಣ್ಣ ಗಾತ್ರದಿಂದಲೇ ಹೊರತು ಟರ್ಬೊದಿಂದ ನೇರವಾಗಿ ಅಲ್ಲ. ಲಾರಿಯನ್ನು ಹಿಂದಿಕ್ಕುವ ಆ ಆರು ಸೆಕೆಂಡಿಗೆ ಸಣ್ಣ ಎಂಜಿನ್ ಸಾಲದೆ ಹೋಗುತ್ತದಲ್ಲ, ಆ ಕೊರತೆಯನ್ನು ತುಂಬಲು ಟರ್ಬೊ ಇರುವುದು. ಮೈಲೇಜಿಗೆ ಕಾರಣ ಸಣ್ಣ ಎಂಜಿನ್, ಪಿಕಪ್ಪಿಗೆ ಕಾರಣ ಟರ್ಬೊ, ಮತ್ತು ಇವೆರಡೂ ಬೇರೆ ಬೇರೆ ಗಳಿಗೆಗಳಲ್ಲಿ ದುಡಿಯುತ್ತವೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಟರ್ಬೊ ದುಡಿಯುವ ಗಳಿಗೆಯಲ್ಲಿ ತೆರಬೇಕಾದ ಬೆಲೆಯೇನು? ಅದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ ಬಿಸಿ. ಸಿಲಿಂಡರಿನೊಳಗಿನ ಒತ್ತಡವನ್ನು ಒಂದು ಸುತ್ತಿನ ಸರಾಸರಿಯಾಗಿ ಲೆಕ್ಕಹಾಕಿದರೆ ಫ್ರಾಂಕ್ಸ್‌ನ 1.2 ಲೀಟರ್ ಎಂಜಿನ್ ತನ್ನ ಗರಿಷ್ಠ ಟಾರ್ಕಿನಲ್ಲಿ ಸುಮಾರು 12 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಸಮುದ್ರಮಟ್ಟದ ಗಾಳಿಯ ಒತ್ತಡ) ಒತ್ತಡದಲ್ಲಿ ದುಡಿಯುತ್ತದೆ. 1 ಲೀಟರಿನ ಟರ್ಬೊ ಎಂಜಿನ್ ಸುಮಾರು 18.6 ಬಾರ್‌ನಲ್ಲಿ. ಹ್ಯುಂಡೈ ವೆನ್ಯೂ 2019ರಲ್ಲಿ ಬಂದಾಗ ಅದರಲ್ಲಿದ್ದ 998 ಸಿಸಿಯ ಟರ್ಬೊ ಎಂಜಿನ್ 172 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತಿತ್ತು. ಅದೇ ಲೆಕ್ಕದಲ್ಲಿ ಅದು 21 ಬಾರ್ ದಾಟುತ್ತದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ, ಕಾದ ಗಾಳಿಯನ್ನು ಪಿಸ್ಟನ್ ಮತ್ತೆ ಒತ್ತಿದಾಗ ಇನ್ನಷ್ಟು ಕಾಯುತ್ತದೆ. ಆಗ ಸ್ಪಾರ್ಕ್ ಪ್ಲಗ್ ಹೊತ್ತಿಸಿದ ಜ್ವಾಲೆ ಸಿಲಿಂಡರಿನ ಅಂಚನ್ನು ತಲುಪುವ ಮೊದಲೇ ಅಲ್ಲಿ ಉಳಿದಿರುವ ಮಿಶ್ರಣ ತಾನಾಗಿ ಸಿಡಿಯಬಹುದು. ಇದೇ ನಾಕಿಂಗ್. ಕ್ಷಣಕ್ಷಣಕ್ಕೂ ಹೀಗಾಗುತ್ತಿದ್ದರೆ ಪಿಸ್ಟನ್ ಉಳಿಯುವುದಿಲ್ಲ.

ನಾಕಿಂಗ್ ತಡೆಯಲು ಎಂಜಿನಿಯರ್‌ಗಳ ಕೈಯಲ್ಲಿ ಮೂರು ಮುಖ್ಯ ಉಪಾಯಗಳಿವೆ, ಮೂರಕ್ಕೂ ಮೈಲೇಜಿನ ರೂಪದಲ್ಲಿ ದಂಡ ಕಟ್ಟಬೇಕು. ಕಂಪ್ರೆಷನ್ ಅನುಪಾತವನ್ನು, ಅಂದರೆ ಸಿಲಿಂಡರಿನೊಳಗಿನ ಮಿಶ್ರಣವನ್ನು ಪಿಸ್ಟನ್ ಎಷ್ಟನೇ ಒಂದು ಗಾತ್ರಕ್ಕೆ ಒತ್ತುತ್ತದೆಂಬ ಅಂಕಿಯನ್ನು, ಇಳಿಸುವುದು ಮೊದಲನೆಯದು. ಫ್ರಾಂಕ್ಸ್‌ನ ಟರ್ಬೊ ಇಲ್ಲದ 1.2 ಲೀಟರ್ ಎಂಜಿನ್ನಿನಲ್ಲಿ ಈ ಅನುಪಾತ 12. ಸಣ್ಣ ಟರ್ಬೊ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 9.5ರಿಂದ 10.5ರ ನಡುವೆ. ಅನುಪಾತ ಇಳಿದಷ್ಟೂ ಉರಿದ ಅನಿಲ ಕಡಿಮೆ ಹಿಗ್ಗಿ, ತನ್ನ ಶಾಖವನ್ನು ಕೆಲಸವಾಗಿಸದೆ ಹೊರಗೆ ಒಯ್ಯುತ್ತದೆ. ಲೋಹದಲ್ಲಿ ಎರಕವಾದ ಈ ಅಂಕಿಯನ್ನು ಆಮೇಲೆ ಬದಲಿಸಲಾಗದು. ಟರ್ಬೊ ಮಲಗಿರುವಾಗಲೂ, ಸಿಗ್ನಲ್ಲಿನಲ್ಲಿ ತೆವಳುವಾಗಲೂ ಈ ನಷ್ಟ ಇದ್ದೇ ಇರುತ್ತದೆ, ಹಾಗಾಗಿ ಗಾತ್ರ ಕುಗ್ಗಿಸಿ ಗಳಿಸಿದ್ದರಲ್ಲಿ ಒಂದು ಪಾಲು ಇಲ್ಲಿಯೇ ಕರಗಿಹೋಗುತ್ತದೆ. ಸ್ಪಾರ್ಕನ್ನು ತಡವಾಗಿ ಹೊತ್ತಿಸುವುದು ಎರಡನೆಯ ಉಪಾಯ. ಎಂಜಿನ್ನಿನ ಕಂಪ್ಯೂಟರ್ ನಾಕ್ ಸೆನ್ಸರ್ ಕೇಳಿಸಿಕೊಂಡದ್ದನ್ನು ಆಧರಿಸಿ ಇದನ್ನು ಕ್ಷಣಕ್ಷಣಕ್ಕೂ ಸರಿಹೊಂದಿಸುತ್ತದೆ. ತಡವಾಗಿ ಹೊತ್ತಿದ ಬೆಂಕಿ ಪಿಸ್ಟನ್ನನ್ನು ಪೂರ್ತಿ ತಳ್ಳುವುದಿಲ್ಲ, ಉಳಿದ ಶಾಖ ಹೊಗೆಯ ಜೊತೆ ಟರ್ಬೈನಿಗೆ ಬಡಿಯುತ್ತದೆ.

ಮೂರನೆಯದು ಎಲ್ಲಕ್ಕಿಂತ ದುಬಾರಿ. ಪೂರ್ತಿ ಆಕ್ಸಿಲರೇಟರ್ ತುಳಿದು ಹೆಚ್ಚು ಹೊತ್ತು ಓಡಿಸಿದರೆ ಹೊಗೆಯ ಉಷ್ಣತೆ 950 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ಟರ್ಬೈನ್ ಮತ್ತು ಹೊಗೆಯನ್ನು ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತಾಳಿಕೊಳ್ಳುವ ಮಿತಿಯನ್ನು ಸಮೀಪಿಸುತ್ತದೆ. ಆಗ ಕಂಪ್ಯೂಟರ್ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಚಿಮ್ಮಿಸುತ್ತದೆ. 14.7ಕ್ಕೆ ಒಂದರಂತೆ ಇರಬೇಕಾದ ಮಿಶ್ರಣ 12ಕ್ಕೆ ಒಂದರ ಹತ್ತಿರ ಬಂದರೆ ಅದೇ ಗಾಳಿಗೆ ಶೇಕಡಾ 20ಕ್ಕೂ ಹೆಚ್ಚು ಇಂಧನ ಹೋಗುತ್ತದೆ. ಆ ಹೆಚ್ಚುವರಿ ಪೆಟ್ರೋಲಿಗೆ ಉರಿಯಲು ಗಾಳಿಯೇ ಇಲ್ಲ; ಅದು ಆವಿಯಾಗುತ್ತಾ ಒಳಭಾಗವನ್ನು ತಂಪಾಗಿಸುವುದಕ್ಕಷ್ಟೇ ಹೋಗುತ್ತದೆ. ಬೆಲೆ ತೆತ್ತು ಟ್ಯಾಂಕಿಗೆ ತುಂಬಿಸಿದ ಪೆಟ್ರೋಲ್ ಹೀಗೆ ತಂಪುನೀರಿನ ಕೆಲಸ ಮಾಡುವುದನ್ನು ಅರಿತರೆ, ಟರ್ಬೊ ಕಾರನ್ನು ಸದಾ ಒತ್ತಿ ಓಡಿಸುವವರ ಮೈಲೇಜ್ ಏಕೆ ಅಷ್ಟು ಕುಸಿಯುತ್ತದೆಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ. ನಿಧಾನವಾಗಿ ಓಡಿಸಿದರೆ ಸಣ್ಣ ಎಂಜಿನ್ನಿನ ಉಳಿತಾಯ, ಒತ್ತಿ ಓಡಿಸಿದರೆ ದೊಡ್ಡ ಎಂಜಿನ್ನಿಗಿಂತಲೂ ಕೆಟ್ಟ ಖರ್ಚು. ಟರ್ಬೊ ಇಲ್ಲದ ಎಂಜಿನ್ನಿನಲ್ಲೂ ಇಂಥ ವ್ಯತ್ಯಾಸ ಇದೆ, ಆದರೆ ಎರಡು ತುದಿಗಳ ನಡುವಿನ ಅಂತರ ಇಷ್ಟು ಅಗಲವಾಗಿರುವುದಿಲ್ಲ.

ಈ ದಂಡವನ್ನು ಕಡಿಮೆ ಮಾಡಲು ಕಳೆದ ಇಪ್ಪತ್ತು ವರ್ಷಗಳಲ್ಲಿ ನಡೆದಿರುವ ಕೆಲಸ ನಿಜಕ್ಕೂ ಮೆಚ್ಚತಕ್ಕದ್ದು. ಒತ್ತಿದ ಗಾಳಿಯನ್ನು ಇಂಟರ್‌ಕೂಲರಿನಲ್ಲಿ ಹಾಯಿಸಿ ತಣಿಸುವುದು ಈಗ ಸಾಮಾನ್ಯ ಸಂಗತಿ. ಪೆಟ್ರೋಲನ್ನು 200 ಬಾರ್ ಅಥವಾ ಅದಕ್ಕೂ ಹೆಚ್ಚಿನ ಒತ್ತಡದಲ್ಲಿ ನೇರವಾಗಿ ಸಿಲಿಂಡರಿನೊಳಗೇ ಚಿಮ್ಮಿಸಿದರೆ ಅದು ಅಲ್ಲಿಯೇ ಆವಿಯಾಗಿ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಕಂಪ್ರೆಷನ್ ಅನುಪಾತವನ್ನು ಅಷ್ಟಾಗಿ ಇಳಿಸಬೇಕಾಗಿಲ್ಲ. ಫೋರ್ಡ್ ಕಂಪನಿಯ 1 ಲೀಟರಿನ ಇಕೋಬೂಸ್ಟ್ ಎಂಜಿನ್ 2013ರಲ್ಲಿ ಇಕೋಸ್ಪೋರ್ಟ್ ಕಾರಿನ ಜೊತೆ ಭಾರತಕ್ಕೆ ಬಂದಾಗ ಇಷ್ಟು ಪುಟ್ಟ ಎಂಜಿನ್ 125 ಪಿಎಸ್ ಕೊಡುವುದನ್ನು ಕಂಡು ಬಹಳ ಜನ ಬೆರಗಾಗಿದ್ದರು. ಹೊಗೆ ಹೊರಬರುವ ಕೊಳವೆಗಳನ್ನು ಸಿಲಿಂಡರ್ ಹೆಡ್ಡಿನ ಒಳಗೇ ಎರಕಹೊಯ್ದು ಅವುಗಳ ಸುತ್ತ ಕೂಲೆಂಟ್ ಹರಿಸಿದ್ದು ಆ ಎಂಜಿನ್ನಿನ ಒಂದು ಜಾಣತನ. ಹೊಗೆ ಟರ್ಬೈನ್ ತಲುಪುವ ಮೊದಲೇ ಸ್ವಲ್ಪ ತಣಿಯುವುದರಿಂದ ಪೆಟ್ರೋಲ್ ಸುರಿದು ತಣಿಸಬೇಕಾದ ಪ್ರಸಂಗ ಕಡಿಮೆಯಾಗುತ್ತದೆ, ಜೊತೆಗೆ ಚಳಿಯಲ್ಲಿ ಶುರುಮಾಡಿದ ಎಂಜಿನ್ ಬೇಗ ಬೆಚ್ಚಗಾಗುತ್ತದೆ. ಫೋಕ್ಸ್‌ವ್ಯಾಗನ್ ಇದಕ್ಕಿಂತ ಮುಂದೆ ಹೋಗಿ, 2017ರಲ್ಲಿ ಯುರೋಪಿನಲ್ಲಿ ತಂದ 130 ಪಿಎಸ್‌ನ 1.5 ಲೀಟರ್ ಟಿಎಸ್‌ಐ ಎಂಜಿನ್ನಿನಲ್ಲಿ ಗಾಳಿಯ ಕವಾಟವನ್ನು ಬೇಗ ಮುಚ್ಚುವ ಮಿಲ್ಲರ್ ವಿಧಾನವನ್ನೂ ಟರ್ಬೈನಿನ ರೆಕ್ಕೆಗಳ ಕೋನ ಬದಲಾಗುವ ಟರ್ಬೊವನ್ನೂ ಜೋಡಿಸಿತು. ಹಾಗಾಗಿ ಅದರಲ್ಲಿ ಕಂಪ್ರೆಷನ್ ಅನುಪಾತವನ್ನು 12.5ಕ್ಕೆ ಏರಿಸಲು ಸಾಧ್ಯವಾಯಿತು. ನಮ್ಮಲ್ಲಿ ಮಾರಾಟವಾಗುವ 150 ಪಿಎಸ್‌ನ 1.5 ಟಿಎಸ್‌ಐ ಎಂಜಿನ್ ಬೇರೊಂದು ದಾರಿ ಹಿಡಿದಿದೆ: ಹಗುರವಾದ ಭಾರದಲ್ಲಿ ನಾಲ್ಕರಲ್ಲಿ ಎರಡು ಸಿಲಿಂಡರ್‌ಗಳನ್ನು ನಿಲ್ಲಿಸಿಬಿಡುತ್ತದೆ. ಅಗತ್ಯವಿಲ್ಲದಾಗ ಎಂಜಿನ್ನನ್ನೇ ತಾತ್ಕಾಲಿಕವಾಗಿ ಇನ್ನೂ ಸಣ್ಣದಾಗಿಸುವ ಉಪಾಯ ಇದು.

ಟರ್ಬೊದ ಗಾತ್ರವನ್ನು ಆರಿಸುವುದೂ ಒಂದು ಸಂದಿಗ್ಧವೇ. ಸಣ್ಣ ಟರ್ಬೈನ್ ಹಗುರವಾಗಿದ್ದು ಬೇಗ ವೇಗ ಹಿಡಿಯುತ್ತದೆ, ಆದ್ದರಿಂದ ಆಕ್ಸಿಲರೇಟರ್ ತುಳಿದ ಮೇಲೆ ಕಾಯಬೇಕಾದ ಟರ್ಬೊ ಲ್ಯಾಗ್ ಕಡಿಮೆ. ಆದರೆ ಎಂಜಿನ್ ಮೇಲಿನ ಸುತ್ತುಗಳಿಗೆ ಹೋದಾಗ ಅದು ಹೊಗೆಯ ದಾರಿಗೆ ಅಡ್ಡಿಯಾಗುತ್ತದೆ. ದೊಡ್ಡದರ ಗುಣ ಇದಕ್ಕೆ ತದ್ವಿರುದ್ಧ. ಬಹುತೇಕ ಸಾಮಾನ್ಯ ಕಾರುಗಳ ತಯಾರಕರು ಸಣ್ಣದನ್ನೇ ಆರಿಸಿದ್ದಾರೆ. ಫ್ರಾಂಕ್ಸ್ ಟರ್ಬೊದ ಗರಿಷ್ಠ ಟಾರ್ಕ್ ನಿಮಿಷಕ್ಕೆ 2,000ದಿಂದ 4,500 ಸುತ್ತುಗಳವರೆಗೆ ಸಮತಟ್ಟಾಗಿ ಸಿಗುತ್ತದೆ, 1.2 ಲೀಟರಿನದು ಗರಿಷ್ಠ ಟಾರ್ಕಿಗೆ 4,400 ಸುತ್ತು ಕೇಳುತ್ತದೆ. ನನ್ನ ಅಭಿಪ್ರಾಯದಲ್ಲಿ ಟರ್ಬೊ ಎಂಜಿನ್ನಿನ ನಿಜವಾದ ಸುಖ ಇರುವುದು ಗರಿಷ್ಠ ಶಕ್ತಿಯ ಅಂಕಿಯಲ್ಲಲ್ಲ, ಈ ಸಮತಟ್ಟಾದ ಟಾರ್ಕಿನಲ್ಲಿ. ಎಂಜಿನ್ ನಿಧಾನವಾಗಿ ತಿರುಗುತ್ತಲೇ ಕೆಲಸ ಮುಗಿಸಬಹುದಾದ್ದರಿಂದ ಗೇರುಗಳನ್ನು ಉದ್ದವಾಗಿ, ಅಂದರೆ ಎಂಜಿನ್ನಿನ ಒಂದು ಸುತ್ತಿಗೆ ಕಾರು ಹೆಚ್ಚು ದೂರ ಸಾಗುವಂತೆ, ಇಡಬಹುದು, ಹೆದ್ದಾರಿಯಲ್ಲಿ ಕಡಿಮೆ ಸುತ್ತಿನಲ್ಲಿ ಸಾಗಬಹುದು. ಮೈಲೇಜಿಗೆ ಟರ್ಬೊ ಏನಾದರೂ ಸಹಾಯ ಮಾಡುತ್ತದೆಂದರೆ ಅದು ಹೀಗೆ ಗೇರಿನ ಮೂಲಕ.

ಗೇರ್‌ಬಾಕ್ಸಿನ ಆಯ್ಕೆಯೂ ಲೆಕ್ಕವನ್ನು ಬದಲಿಸುತ್ತದೆ. ಅದೇ ಫ್ರಾಂಕ್ಸ್‌ನಲ್ಲಿ ಎಎಂಟಿ (ಕ್ಲಚ್, ಗೇರುಗಳನ್ನು ಯಂತ್ರವೇ ನಿರ್ವಹಿಸುವ ಮ್ಯಾನ್ಯುವಲ್ ಗೇರ್‌ಬಾಕ್ಸ್) ಇರುವ 1.2 ಲೀಟರ್ ಮಾದರಿಗೆ ಘೋಷಿತ ಮೈಲೇಜ್ 22.89, ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ದ್ರವದ ಮೂಲಕ ಗೇರಿಗೆ ಸಾಗಿಸುವ ಸಾಧನ) ಬಳಸುವ ಆಟೊಮ್ಯಾಟಿಕ್ ಇರುವ ಟರ್ಬೊ ಮಾದರಿಗೆ 20.01. ಮ್ಯಾನ್ಯುವಲ್ಲಿನಲ್ಲಿ ಕಾಣದ ಅಂತರ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಟರ್ಬೊ ಆಟೊಮ್ಯಾಟಿಕ್ ಕೊಳ್ಳುವವರು ಎಂಜಿನ್ನಿನ ಜೊತೆಗೆ ಈ ಅಂತರವನ್ನೂ ಕೊಳ್ಳುತ್ತಾರೆ.

ಘೋಷಿತ ಅಂಕಿಗಳ ಬಗ್ಗೆಯೂ ಒಂದು ಮಾತು ಅಗತ್ಯ. ನಮ್ಮ ದೇಶದ ಮೈಲೇಜ್ ಪರೀಕ್ಷೆ ನಡೆಯುವುದು ಪ್ರಯೋಗಾಲಯದ ರೋಲರುಗಳ ಮೇಲೆ, ಹಳೆಯ ಯುರೋಪಿಯನ್ ಪರೀಕ್ಷಾ ಕ್ರಮವನ್ನು ನಮ್ಮ ರಸ್ತೆಗೆ ತಕ್ಕಂತೆ ತಿದ್ದಿದ ಒಂದು ನಿಗದಿತ ಓಟದ ಪ್ರಕಾರ. ಅದರಲ್ಲಿ ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್, ವೇಗ ಹೆಚ್ಚಿಸುವ ರೀತಿ ತೀರ ಸಾವಧಾನದ್ದು. ಮೇಲೆ ಹೇಳಿದ ಲೆಕ್ಕವನ್ನು ನೆನೆದರೆ, ಈ ಪರೀಕ್ಷೆಯಲ್ಲಿ ಟರ್ಬೊ ಗಟ್ಟಿಯಾಗಿ ದುಡಿಯಬೇಕಾದ ಪ್ರಸಂಗವೇ ಬರುವುದು ವಿರಳ. ಸಣ್ಣ ಎಂಜಿನ್ನಿನ ಎಲ್ಲ ಲಾಭವೂ ದಾಖಲಾಗುತ್ತದೆ, ಬಿಸಿಯ ದಂಡ ದಾಖಲಾಗುವುದಿಲ್ಲ. ಇದರಲ್ಲಿ ಮೋಸವಿಲ್ಲ, ಆದರೆ ಎರಡು ಬಗೆಯ ಎಂಜಿನ್‌ಗಳನ್ನು ಹೋಲಿಸಲು ಈ ಪರೀಕ್ಷೆ ಸಾಲದು. ಯುರೋಪ್ 2017ರಿಂದ ಇನ್ನಷ್ಟು ವೇಗದ, ಇನ್ನಷ್ಟು ಏರಿಳಿತದ ಪರೀಕ್ಷೆಗೆ ಬದಲಾಯಿಸಿಕೊಂಡದ್ದಕ್ಕೆ ಕಾರಣಗಳಲ್ಲಿ ಇಂಥ ಅಂತರವೂ ಒಂದು.

ಭಾರತದಲ್ಲಿ ಎಂಜಿನ್‌ಗಳು ಈ ಗಾತ್ರಕ್ಕೆ ಬಂದು ನಿಂತದ್ದು ಭೌತಶಾಸ್ತ್ರದಿಂದ ಮಾತ್ರವಲ್ಲ. 2006ರಿಂದ ತೆರಿಗೆಯ ಲೆಕ್ಕದಲ್ಲಿ ಸಣ್ಣ ಕಾರು ಎಂದರೆ ನಾಲ್ಕು ಮೀಟರಿಗಿಂತ ಉದ್ದವಿರದ, ಪೆಟ್ರೋಲ್ ಆದರೆ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ಮೀರದ ಕಾರು. 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರುಗಳಿಗೆ ಜಿಎಸ್‌ಟಿ ಶೇಕಡಾ 18, ಈ ಮಿತಿ ಮೀರಿದವಕ್ಕೆ ಶೇಕಡಾ 40. ಎಸ್‌ಯುವಿ ಆಕಾರದ ಭಾರವಾದ ಕಾರನ್ನು ಈ ಗೆರೆಯೊಳಗೆ ತರಬೇಕಾದ ತಯಾರಕರಿಗೆ 1 ಅಥವಾ 1.2 ಲೀಟರಿನ ಎಂಜಿನ್ನಿಗೆ ಟರ್ಬೊ ಹಾಕುವುದನ್ನು ಬಿಟ್ಟರೆ ದಾರಿಗಳು ಕಡಿಮೆ. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಜಾರಿಯಾಗಿ ಸಣ್ಣ ಡೀಸೆಲ್ ಎಂಜಿನ್‌ಗಳ ಹೊಗೆ ಶುದ್ಧೀಕರಿಸುವ ಖರ್ಚು ಏರಿದಾಗ ಮಾರುತಿಯಂಥ ಕಂಪನಿಯೇ ಡೀಸೆಲ್ ಕೈಬಿಟ್ಟಿತು. ಡೀಸೆಲ್ಲಿನ ಟಾರ್ಕಿಗೆ ಒಗ್ಗಿದ್ದ ಗಿರಾಕಿಗಳಿಗೆ ಟರ್ಬೊ ಪೆಟ್ರೋಲ್ ಬದಲಿಯಾಗಿ ಬಂದದ್ದು ಹೀಗೆ. ಆದರೆ ಡೀಸೆಲ್ ಎಂಜಿನ್ನಿಗೆ ಥ್ರಾಟಲಿನ ಎಳೆದಾಟವೂ ಇಲ್ಲ, ನಾಕಿಂಗ್ ಭಯದಿಂದ ಅನುಪಾತ ಇಳಿಸಬೇಕಾದ ಒತ್ತಾಯವೂ ಇಲ್ಲ. ಅದರ ಮೈಲೇಜನ್ನು ಟರ್ಬೊ ಪೆಟ್ರೋಲಿನಿಂದ ನಿರೀಕ್ಷಿಸಿದವರಿಗೆ ನಿರಾಸೆ ಖಚಿತ. ಎಂಜಿನ್ನಿನ ಸರಿಯಾದ ಗಾತ್ರವನ್ನು ಕಾರಿನ ತೂಕ ನಿರ್ಧರಿಸಬೇಕಾದ ಕಡೆ ತೆರಿಗೆಯ ಗೆರೆ ನಿರ್ಧರಿಸುತ್ತಿರುವುದು ನನಗೆ ಸರಿಯೆನಿಸುವುದಿಲ್ಲ. 1,300 ಕಿಲೋ ಮೀರಿದ ಕಾರಿಗೆ 1.5 ಲೀಟರಿನ, ಹದವಾಗಿ ಟರ್ಬೊ ಹಾಕಿದ ಎಂಜಿನ್ ಒತ್ತಡವಿಲ್ಲದೆ ಕೊಡಬಹುದಾದ ಮೈಲೇಜನ್ನು ಅದಕ್ಕಿಂತ ಸಣ್ಣದು ಏದುಸಿರು ಬಿಡುತ್ತಾ ಕೊಡಲಾರದು.

ಟರ್ಬೊದ ಒಂದು ಲಾಭ ನಮ್ಮ ರಾಜ್ಯದ ನೆಲದಲ್ಲಿ ಕಣ್ಣಿಗೆ ಕಾಣುವಂಥದ್ದು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಹತ್ತನೇ ಒಂದರಷ್ಟು ಕಡಿಮೆ, ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಐದನೇ ಒಂದರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ನಿನ ಗರಿಷ್ಠ ಶಕ್ತಿಯೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಟರ್ಬೊ ಎಂಜಿನ್ ಕಂಪ್ರೆಸರನ್ನು ಇನ್ನಷ್ಟು ವೇಗವಾಗಿ ತಿರುಗಿಸಿ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ವೇಗ ಕಳೆದುಕೊಂಡ ಕಾರು ತುಂಬಿದ ಭಾರದೊಂದಿಗೆ ಮತ್ತೆ ಏರಬೇಕಾದಾಗ ಕೆಳಸುತ್ತಿನ ಟಾರ್ಕ್ ಎಷ್ಟು ಬೆಲೆಬಾಳುತ್ತದೆಂಬುದು ಅಲ್ಲಿ ಓಡಿಸಿದವರಿಗೆಲ್ಲ ಗೊತ್ತು.

ಇಲ್ಲಿಯವರೆಗೆ ಹೇಳಿದ್ದು ಓಡಿಸುವ ರೀತಿಗೆ ಹೇಗೆ ಅನ್ವಯಿಸುತ್ತದೆ? ಆಕ್ಸಿಲರೇಟರನ್ನು ಮೆಲ್ಲನೆ, ಸಮನಾಗಿ ತುಳಿದು ಬೇಕಾದ ವೇಗ ತಲುಪಿ ಅಲ್ಲಿಯೇ ಉಳಿಯುವವರಿಗೆ ಟರ್ಬೊ ಹೆಚ್ಚೇನೂ ಕೇಳುವುದಿಲ್ಲ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಜಿಗಿದು ಬ್ರೇಕ್ ಹಾಕುವವರಿಗೆ ಪ್ರತಿ ಜಿಗಿತವೂ ಟರ್ಬೊದ ಗಳಿಗೆ. ಆದರೆ ಮೈಲೇಜಿನ ಆಸೆಯಿಂದ ನಿಮಿಷಕ್ಕೆ 1,200 ಸುತ್ತಿನಲ್ಲಿ ಐದನೇ ಗೇರ್ ಹಾಕಿ ಆಕ್ಸಿಲರೇಟರನ್ನು ಪೂರ್ತಿ ಒತ್ತುವ ಅಭ್ಯಾಸವನ್ನು ಟರ್ಬೊ ಎಂಜಿನ್ನಿನಲ್ಲಿ ಬಿಡಲೇಬೇಕು. ಕಡಿಮೆ ಸುತ್ತಿನಲ್ಲಿ ಭಾರಿ ಒತ್ತಡ ಬಿದ್ದಾಗ ಸಿಲಿಂಡರಿನ ಗೋಡೆಯಿಂದ ಸಿಡಿದ ಎಂಜಿನ್ ಆಯಿಲಿನ ಹನಿಗಳೋ ಕರಿಯ ಕಣಗಳೋ ಸ್ಪಾರ್ಕಿಗೂ ಮೊದಲೇ ಮಿಶ್ರಣವನ್ನು ಹೊತ್ತಿಸಬಹುದು. ಇದು ಸಾಮಾನ್ಯ ನಾಕಿಂಗ್‌ಗಿಂತ ಬಹಳ ಬಲವಾದ ಹೊಡೆತ; ಪಿಸ್ಟನ್ ಒಡೆಯುವಷ್ಟು ಬಲವಾದದ್ದು. ಆಯಿಲಿನಲ್ಲಿರುವ ಕ್ಯಾಲ್ಸಿಯಂ ಅಂಶ ಇದನ್ನು ಹೆಚ್ಚಿಸುತ್ತದೆಂದು ಕಂಡುಬಂದ ಮೇಲೆ ಆಯಿಲ್‌ಗಳ ರಚನೆಯನ್ನೇ ಬದಲಿಸಿ, 2020ರಿಂದ ಎಪಿಐ ಎಸ್‌ಪಿ ಎಂಬ ದರ್ಜೆಯನ್ನು ತರಲಾಯಿತು. ಸರ್ವಿಸ್ ಸಮಯದಲ್ಲಿ ಕಂಪನಿಯ ಕೈಪಿಡಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಿಸಬೇಕೆಂಬ ಮಾತು ಟರ್ಬೊ ಕಾರಿಗೆ ಇನ್ನಷ್ಟು ಬಿಗಿಯಾಗಿ ಅನ್ವಯಿಸುವುದು ಈ ಕಾರಣದಿಂದ. ಅದೇ ಆಯಿಲ್ ಟರ್ಬೊದ ಬೇರಿಂಗುಗಳನ್ನೂ ಕಾಪಾಡುತ್ತದೆ.

ಪೆಟ್ರೋಲಿಗೆ ಶೇಕಡಾ 20ರಷ್ಟು ಎಥೆನಾಲ್ ಬೆರೆಸುವ ಇ20 ಬಂದ ಮೇಲೆ ಈ ಸಮತೋಲ ಮತ್ತೆ ಅಲುಗಿದೆ. ಒಂದು ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ ಶಾಖವಿರುವುದರಿಂದ ಇ20ಯ ಪ್ರತಿ ಲೀಟರಿನಲ್ಲಿ ಶಾಖ ಶುದ್ಧ ಪೆಟ್ರೋಲಿಗಿಂತ ಶೇಕಡಾ 6ರಿಂದ 7ರಷ್ಟು ಕಡಿಮೆ. ಆದರೆ ಎಥೆನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಇಮ್ಮಡಿಗೂ ಹೆಚ್ಚು ಬಿಸಿಯನ್ನು ಹೀರುತ್ತದೆ ಮತ್ತು ನಾಕಿಂಗ್‌ಗೆ ಸುಲಭವಾಗಿ ಮಣಿಯುವುದಿಲ್ಲ. ಟರ್ಬೊ ಎಂಜಿನ್ನಿಗೆ ಬೇಕಾದದ್ದು ಇದೇ ಗುಣ. ಮೊದಲಿಂದಲೇ ಇ20ಗೆ ಹೊಂದುವಂತೆ ಹೆಚ್ಚಿನ ಕಂಪ್ರೆಷನ್ ಅನುಪಾತದಲ್ಲಿ ಎಂಜಿನ್ ಕಟ್ಟಿದರೆ ಕಳೆದುಕೊಂಡ ಶಾಖದ ಒಂದು ಭಾಗವನ್ನು ಮರಳಿ ಪಡೆಯಬಹುದು. ಹಳೆಯ ಪೆಟ್ರೋಲಿಗೆಂದು ಕಟ್ಟಿದ ಎಂಜಿನ್ನಿನಲ್ಲಿ ಈ ಲಾಭ ಪೂರ್ತಿಯಾಗಿ ಕೈಗೆ ಬರುವುದಿಲ್ಲ.

ಇದೇ ಪ್ರಶ್ನೆಗೆ ಇನ್ನೊಂದು ಉತ್ತರ ಬಿಡದಿಯ ಟೊಯೊಟಾ ಕಾರ್ಖಾನೆಯಿಂದ ಹೊರಬರುತ್ತಿದೆ. ಅಲ್ಲಿ ತಯಾರಾಗುವ ಹೈರೈಡರ್ ಹೈಬ್ರಿಡ್ ಕಾರಿನಲ್ಲಿ ಟರ್ಬೊ ಇಲ್ಲದ, ಮೂರು ಸಿಲಿಂಡರಿನ 1.5 ಲೀಟರ್ ಎಂಜಿನ್ನಿಗೆ ವಿದ್ಯುತ್ ಮೋಟರನ್ನು ಜೋಡಿಸಲಾಗಿದೆ. ಎಂಜಿನ್ ಒಂದೇ 92 ಪಿಎಸ್, ಎರಡೂ ಸೇರಿ ಸುಮಾರು 116 ಪಿಎಸ್, ಘೋಷಿತ ಮೈಲೇಜ್ ಲೀಟರಿಗೆ 27.97 ಕಿಲೋಮೀಟರ್. ಲಾರಿಯನ್ನು ಹಿಂದಿಕ್ಕುವ ಆರು ಸೆಕೆಂಡಿಗೆ ಬೇಕಾದ ಹೆಚ್ಚುವರಿ ಬಲವನ್ನು ಇಲ್ಲಿ ಹೊಗೆಯ ಬದಲು ಬ್ಯಾಟರಿ ಕೊಡುತ್ತದೆ. ಆದ್ದರಿಂದ ಎಂಜಿನ್ ತನ್ನ ಕಂಪ್ರೆಷನ್ ಅನುಪಾತವನ್ನು ಇಳಿಸಿಕೊಳ್ಳಬೇಕಾಗಿಲ್ಲ, ಹಗುರವಾದ ಭಾರದಲ್ಲಿ ಪೂರ್ತಿ ನಿಂತೇ ಬಿಡಬಹುದು. ನಗರದ ದಟ್ಟಣೆಯಲ್ಲಿ ಟರ್ಬೊ ಇದಕ್ಕೆ ಸರಿಸಾಟಿಯಾಗಲಾರದು. ಆದರೆ ಬ್ಯಾಟರಿ, ಮೋಟರುಗಳ ಬೆಲೆ ಲಕ್ಷಗಳ ಲೆಕ್ಕದಲ್ಲಿದೆ. ವರ್ಷಕ್ಕೆ ಏಳೆಂಟು ಸಾವಿರ ಕಿಲೋಮೀಟರ್ ಓಡಿಸುವ, ಅದರಲ್ಲೂ ಬಹುಭಾಗ ಹೆದ್ದಾರಿಯಲ್ಲಿ ಓಡಿಸುವ ಕುಟುಂಬಕ್ಕೆ ಆ ಹಣ ಪೆಟ್ರೋಲ್ ಉಳಿತಾಯದಿಂದ ಮರಳಿ ಬರುವುದು ಕಷ್ಟ. ಅಂಥವರಿಗೆ ಹದವಾಗಿ ಓಡಿಸಿದ ಸಣ್ಣ ಟರ್ಬೊ ಎಂಜಿನ್ ಈಗಲೂ ಒಳ್ಳೆಯ ಆಯ್ಕೆ. ದಿನವೂ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಗಂಟೆಗಟ್ಟಲೆ ತೆವಳಬೇಕಾದವರಿಗೆ ಹೈಬ್ರಿಡ್, ಅದರ ಬೆಲೆ ಭರಿಸಲಾಗದಿದ್ದರೆ ಟರ್ಬೊ ಇಲ್ಲದ 1.2 ಲೀಟರ್ ಎಂಜಿನ್.